ಓದುಗರ ಸ್ಪಂದನ: ಪೋಕರ್ ನಂಬಿ ಕೆಲಸ ಬಿಟ್ಟೆ, ಈಗ ಸಾಲ ತೀರಿಸುವುದು ಹೇಗೆ?

ಕೋಲಾರದ ಓದುಗರೊಬ್ಬರು ಬರೆದಿದ್ದ ಸಮಸ್ಯೆ: ಬೆಂಗಳೂರಿನ ಕೆಲಸ ಬಿಟ್ಟು ದುಡ್ಡು ಕಟ್ಟಿ ಆಡುವ ಇಸ್ಪೀಟ್ ಆಟ, ಆನ್‌ಲೈನ್ ಪೋಕರ್ ಅನ್ನೇ ಹೊಟ್ಟೆಪಾಡು ಮಾಡಿಕೊಂಡಿದ್ದೆ. ಮೊದಮೊದಲು ಚೆನ್ನಾಗಿ ದುಡ್ಡು ಬಂತು. ಆಮೇಲೆ ಸೋಲು ಶುರುವಾಯಿತು, ಹೋದದ್ದನ್ನು ತೆಗೆಯಲು ದೊಡ್ಡ ಟೇಬಲ್‌ಗೆ, ಅಂದರೆ ಹೆಚ್ಚು ಪಣದ ಆಟಕ್ಕೆ ಹೋದೆ. 2025ರ ಆಗಸ್ಟ್‌ನಲ್ಲಿ ಹೊಸ ಕಾಯ್ದೆಯಿಂದ ಸೈಟುಗಳೂ ಮುಚ್ಚಿದವು. ಈಗ ಎರಡು ಕ್ರೆಡಿಟ್ ಕಾರ್ಡ್, ಒಂದು ಲೋನ್ ಆ್ಯಪ್ ಸಾಲ ಇದೆ. ಅಮ್ಮನ ಸರ ಅಡವಿನಲ್ಲಿದೆ, ಅದು ಅವರಿಗೆ ಗೊತ್ತಿಲ್ಲ. ಶಿಸ್ತು ತಂದುಕೊಂಡು ಮತ್ತೆ ಆಟಕ್ಕೆ ಇಳಿಯಬಹುದೇ?

ಆಟದ ದುಡ್ಡು ಬೇರೆ, ಮನೆಯ ದುಡ್ಡು ಬೇರೆ

ನಾನೂ ಪೋಕರ್ ಆಡಿದವನು, ಅದನ್ನು ಪ್ರೀತಿಸುವವನು. ಅದಕ್ಕೇ ಕೇಳುತ್ತೇನೆ, ಸೋತ ಮೇಲೆ ದೊಡ್ಡ ಟೇಬಲ್‌ಗೆ ಯಾಕೆ ಹೋದಿರಿ? ಆಡುವವರೆಲ್ಲ ಇದನ್ನು ಟಿಲ್ಟ್ ಅಂತಾರೆ. ತಲೆ ಬಿಸಿಯಾದಾಗ ಕೈಯಲ್ಲಿರುವ ಎಲೆ ಕಾಣುವುದಿಲ್ಲ, ಕಳೆದುಕೊಂಡ ದುಡ್ಡು ಮಾತ್ರ ಕಾಣುತ್ತದೆ.

ಲೆಕ್ಕ ಗೊತ್ತಿರುವವರು ಹೇಗೆ ಆಡುತ್ತಾರೆ ಗೊತ್ತಲ್ವಾ? 5-10 ರೂಪಾಯಿ ಬ್ಲೈಂಡ್‌ನ (ಎಲೆ ನೋಡುವ ಮೊದಲೇ ಇಬ್ಬರು ಕಟ್ಟಬೇಕಾದ ಪಣ) ಟೇಬಲ್‌ಗೆ ಪೂರ್ತಿ ಬೈ-ಇನ್, ಅಂದರೆ ಆಟಕ್ಕೆ ಕೂರಲು ಕಟ್ಟುವ ದುಡ್ಡು, 1,000 ರೂಪಾಯಿ. ಅಲ್ಲಿ ಕೂರಲು ಕನಿಷ್ಠ 20-30 ಬೈ-ಇನ್, ಅಂದರೆ 20-30 ಸಾವಿರ, ಆಟಕ್ಕೆಂದೇ ಇರಬೇಕು. ಟೂರ್ನಮೆಂಟ್ ಆಡುವುದಾದರೆ 100 ಬೈ-ಇನ್ ಇದ್ದರೂ ಜಾಸ್ತಿ ಅಲ್ಲ. ಅದು ಕರಗಿದರೆ ಚಿಕ್ಕ ಟೇಬಲ್‌ಗೆ ಇಳಿಯಬೇಕು, ಮೇಲಕ್ಕೆ ಹತ್ತಬಾರದು. ಆರು ತಿಂಗಳ ಮನೆ ಖರ್ಚು ಇದರಿಂದ ಹೊರಗೆ, ಬೇರೆ ಖಾತೆಯಲ್ಲಿ ಇರಬೇಕು. ಎಷ್ಟೇ ಚೆನ್ನಾಗಿ ಆಡಿದರೂ ತಿಂಗಳುಗಟ್ಟಲೆ ಸೋಲು ಬರುತ್ತದೆ. ಅದನ್ನು ತಡೆದುಕೊಳ್ಳುವ ಶಕ್ತಿ ಸಾಲದ ದುಡ್ಡಿಗೆ ಇಲ್ಲ.

ಈಗ ನಿಮ್ಮ ಬ್ಯಾಂಕ್‌ರೋಲ್ (ಆಟಕ್ಕೆಂದೇ ಎತ್ತಿಟ್ಟ ದುಡ್ಡು) ಸೊನ್ನೆಯೂ ಅಲ್ಲ, ಸೊನ್ನೆಗಿಂತ ಕೆಳಗೆ. ಆದ್ದರಿಂದ ಸಾಲ ತೀರುವವರೆಗೆ ಒಂದು ರೂಪಾಯಿಯ ಆಟವೂ ಬೇಡ. ಗೋವಾ ಕ್ಯಾಸಿನೊಗೂ ಬೇಡ. ಗೆದ್ದ ದುಡ್ಡಿಗೆ ನೇರ 30% ತೆರಿಗೆ ಇದೆ, ಸೋತದ್ದನ್ನು ಬೇರೆ ಆದಾಯದಲ್ಲಿ ಕಳೆಯಲು ಬರುವುದಿಲ್ಲ. ಹಳೆಯ ವರ್ಷಗಳ ರಿಟರ್ನ್ ಬಾಕಿ ಇದ್ದರೆ ಒಬ್ಬ ಆಡಿಟರ್ ಹತ್ತಿರ ಕೂತು ಮೊದಲು ಸರಿ ಮಾಡಿಸಿ.

– ಒಬ್ಬ ಓದುಗ, ತುಮಕೂರು

ಮಿನಿಮಮ್ ಡ್ಯೂ ಕಟ್ಟುತ್ತಾ ಕೂರಬೇಡಿ

ತಮ್ಮಾ, ಒಂದು ನೋಟ್‌ಬುಕ್ ತೆಗೆದುಕೊಂಡು ಯಾರಿಗೆ ಎಷ್ಟು, ಬಡ್ಡಿ ಎಷ್ಟು, ಯಾವ ತಾರೀಖು ಅಂತ ಬರೆಯಿರಿ. ಬರೆದ ಮೇಲೆ ಕಾರ್ಡಿನ ಸಾಲ ನೋಡಿ. 1 ಲಕ್ಷ ಬಾಕಿ ಇದೆ, ಬಡ್ಡಿ ತಿಂಗಳಿಗೆ 3.5% ಅಂದುಕೊಳ್ಳಿ. ಬಡ್ಡಿಯೇ 3,500 ರೂಪಾಯಿ. ಅದರ ಮೇಲೆ 18% ಜಿಎಸ್‌ಟಿ 630. ಬ್ಯಾಂಕ್ ಕೇಳುವ ಕನಿಷ್ಠ ಮೊತ್ತ (ಮಿನಿಮಮ್ ಡ್ಯೂ) ಅಂತ ನೀವು 5,000 ಕಟ್ಟಿದರೆ ಅಸಲಿಗೆ ಹೋಗುವುದು ಬರೀ 870. ವರ್ಷವಿಡೀ ಹೀಗೆ 60,000 ಕಟ್ಟಿದರೂ ಸಾಲ ಇಳಿಯುವುದು ಸುಮಾರು 13,000 ಮಾತ್ರ.

ಆದ್ದರಿಂದ ಬ್ಯಾಂಕಿಗೆ ಹೋಗಿ, ಬಾಕಿಯನ್ನು ಇಎಂಐ ಮಾಡಿಕೊಡಿ ಅಂತ ಕೇಳಿ. ಬಡ್ಡಿ ತುಂಬಾ ಇಳಿಯುತ್ತದೆ. ‘ಸೆಟಲ್‌ಮೆಂಟ್ ಮಾಡಿಕೊಳ್ಳಿ, ಅರ್ಧ ಕಟ್ಟಿ ಸಾಕು’ ಅಂತ ಫೋನ್ ಬಂದರೆ ಅವಸರ ಬೇಡ. ಹಾಗೆ ಮಾಡಿದರೆ ನಿಮ್ಮ ಸಾಲದ ಚರಿತ್ರೆ ತೋರಿಸುವ ಸಿಬಿಲ್ ವರದಿಯಲ್ಲಿ ‘ಸೆಟಲ್ಡ್’ ಅಂತ ಉಳಿಯುತ್ತದೆ, ಮುಂದೆ ಮನೆ ಸಾಲ ಕೇಳಿದಾಗ ಅದು ಅಡ್ಡ ಬರುತ್ತದೆ. ಪೂರ್ತಿ ಕಟ್ಟಿ ‘ಕ್ಲೋಸ್ಡ್’ ಮಾಡಿಸಿ, ನೋ ಡ್ಯೂ ಪತ್ರ ಇಟ್ಟುಕೊಳ್ಳಿ. ವರದಿಯನ್ನು ವರ್ಷಕ್ಕೊಮ್ಮೆ ಪುಕ್ಕಟೆ ನೋಡಬಹುದು. ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡುವಂತಿಲ್ಲ, ಇದು ರಿಸರ್ವ್ ಬ್ಯಾಂಕಿನ ನಿಯಮ. ಹೆದರಬೇಡಿ.

ಕೆಲಸಕ್ಕೆ ನರಸಾಪುರ, ವೇಮಗಲ್ ಕಡೆ ಕಂಪನಿಗಳಿವೆ. ಸಂಬಳ ಕಡಿಮೆ ಅನ್ನಿಸಿದರೂ ಸೇರಿಕೊಳ್ಳಿ, ಪ್ರತಿ ತಿಂಗಳೂ ಒಂದೇ ತಾರೀಖಿಗೆ ಬರುತ್ತದಲ್ಲ. ಜೊತೆಗೆ ಒಂದು ಪಿಗ್ಮಿ ಖಾತೆ ತೆರೆಯಿರಿ, ದಿನಕ್ಕೆ 50 ರೂಪಾಯಿ ಆದರೂ ಸರಿ. ಬಡ್ಡಿ ಆಸೆಗಲ್ಲ. ಪಿಗ್ಮಿ ಏಜೆಂಟ್ ದಿನಾ ಬಂದು ನಿಂತಾಗ ಇವತ್ತು ಇಲ್ಲ ಅನ್ನುವುದು ಕಷ್ಟ. ಶಿಸ್ತು ಅಂತ ಕೇಳಿದ್ದೀರಲ್ಲ, ಅದು ಹೀಗೆ ದಿನಾ ಕೈಯಿಂದ ಮಾಡಿದರೇ ಬರುವುದು.

– ನಿವೃತ್ತ ಬ್ಯಾಂಕ್ ಉದ್ಯೋಗಿ, ಕೋಲಾರ

ಸಾಲ ಕೊಟ್ಟವನ ಕೈಯಲ್ಲಿ ಜುಟ್ಟು

ನಾನು ಟೊಮೆಟೊ ಬೆಳೆಯುವವನು, ನಿಮ್ಮ ಆಟ ನನಗೆ ತಿಳಿಯದು. ಆದರೆ ಮಂಡಿಯಿಂದ ಮುಂಗಡ ತೆಗೆದುಕೊಂಡ ರೈತ ಮಾಲನ್ನು ಆ ಮಂಡಿಗೇ ಹಾಕಬೇಕು. ಪಕ್ಕದಲ್ಲಿ ಬಾಕ್ಸಿಗೆ 50 ರೂಪಾಯಿ ಜಾಸ್ತಿ ಇದ್ದರೂ ಆ ಕಡೆ ತಿರುಗುವಂತಿಲ್ಲ. ಸಾಲದ ದುಡ್ಡಲ್ಲಿ ಆಟಕ್ಕೆ ಕೂತವನ ಕಥೆಯೂ ಅದೇ ಅಲ್ವಾ? ಏಳಬೇಕು ಅನ್ನಿಸಿದರೂ ಏಳಲು ಆಗುವುದಿಲ್ಲ.

– ರೈತ, ಶ್ರೀನಿವಾಸಪುರ

ಅಮ್ಮನಿಗೆ ಇವತ್ತೇ ಹೇಳಪ್ಪಾ

ತುಮಕೂರಿನವರು ಸಾಲ ತೀರಿದ ಮೇಲೆ ಆಡಬಹುದು ಅನ್ನುವ ಹಾಗೆ ಬರೆದಿರುವುದನ್ನು ನಾನು ಒಪ್ಪುವುದಿಲ್ಲ. ಸರ ಅಡವಿಟ್ಟು ಬಾಯಿ ಮುಚ್ಚಿಕೊಂಡಿರುವವರೆಗೆ ಯಾವ ಶಿಸ್ತೂ ನಿಲ್ಲುವುದಿಲ್ಲ. ಮದುವೆ, ಹಬ್ಬ ಬಂದಾಗ ಅಮ್ಮ ಬೀರು ತೆಗೆಯುತ್ತಾರೆ, ಆಗ ತಾನಾಗಿ ಗೊತ್ತಾಗುವುದು ಇನ್ನೂ ಕೆಟ್ಟದ್ದು. ಬೈಯುತ್ತಾರೆ, ಅಳುತ್ತಾರೆ. ಆಮೇಲೆ ಅವರೇ ನಿನ್ನ ಜೊತೆ ಕೂತು ಲೆಕ್ಕ ಹಾಕುತ್ತಾರೆ. ಅಡವಿನ ರಸೀದಿ ಅವರ ಕೈಗೇ ಕೊಡು. ಸಂಬಳ ಬಂದ ದಿನ ಮನೆ ಖರ್ಚಿನ ದುಡ್ಡೂ ಅವರ ಕೈಗೇ ಕೊಡು.

– ಗೃಹಿಣಿ, ಚಿಂತಾಮಣಿ

ಟೆಲಿಗ್ರಾಂ ಏಜೆಂಟರನ್ನು ನಂಬಬೇಡಿ

ಒಂದೆರಡು ಮಾತು ಸೇರಿಸುತ್ತೇನೆ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆಯ ಪ್ರಕಾರ ದುಡ್ಡು ಕಟ್ಟಿಸಿಕೊಂಡು ಆಟ ನಡೆಸುವುದು ಅಪರಾಧ. 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ ಇದೆ. ಕೌಶಲ್ಯದ ಆಟ ಅಂದರೂ ವಿನಾಯಿತಿ ಇಲ್ಲ. ಆಡಿದವರಿಗೆ ಶಿಕ್ಷೆ ಇಲ್ಲ, ನಿಜ. ಆದರೆ ವಿದೇಶಿ ಸೈಟಿಗೆ ಟೆಲಿಗ್ರಾಂ ಆ್ಯಪ್‌ನಲ್ಲಿ ಸಿಗುವ ಏಜೆಂಟ್ ಮೂಲಕ ದುಡ್ಡು ಹಾಕಿದರೆ ವಾಪಸ್ ಕೇಳಲು ಯಾರೂ ಸಿಗುವುದಿಲ್ಲ. ಕಂಡವರ ಖಾತೆಯಿಂದ ದುಡ್ಡು ಬಂದು ನಿಮ್ಮ ಬ್ಯಾಂಕ್ ಖಾತೆಯೇ ಫ್ರೀಜ್ ಆಗಬಹುದು. ಈಗಾಗಲೇ ಮೋಸ ಆಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ರಾತ್ರಿ ಕೈ ತುರಿಸಿದಾಗ, ನಿದ್ದೆ ಬಾರದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಚಟಕ್ಕೆಂದೇ ಚಿಕಿತ್ಸೆ ಇದೆ. ಕೋಲಾರದಿಂದ ಬೆಳಿಗ್ಗೆ ಬಸ್ ಹತ್ತಿದರೆ ಅದೇ ದಿನ ತೋರಿಸಿಕೊಂಡು ಬರಬಹುದು. ಒಬ್ಬರೇ ಹೋಗಬೇಡಿ, ಅಮ್ಮನನ್ನೋ ಸ್ನೇಹಿತರನ್ನೋ ಕರೆದುಕೊಂಡು ಹೋಗಿ.

– ಶಿಕ್ಷಕಿ, ಚಿಕ್ಕಬಳ್ಳಾಪುರ