ಅಪ್‌ಡೇಟ್: ಹೆಸರೇ ಗೊತ್ತಿಲ್ಲದವನ ಮೇಲೆ ದಾವೆ ಹಾಕಿದ್ದಾಯ್ತು

ಹಳೇ ಕ್ಯಾಮೆರಾ ಕೊಡ್ತೀನಿ ಅಂತ ಮುಂಗಡ ತಗೊಂಡು ನಾಪತ್ತೆಯಾದವನ ಮೇಲೆ ಕೇಸ್ ಹಾಕಬಹುದಾ ಅಂತ ಕೇಳಿದ್ದೆ. ಕೈಯಲ್ಲಿ ಇದ್ದದ್ದು ಒಂದು ಫೋನ್ ನಂಬರ್, ಹಣ ಕಳಿಸಿದ ರಸೀದಿ, ಅದರಲ್ಲಿ ಖಾತೆಯ ಕೊನೇ ನಾಲ್ಕು ಅಂಕಿ, ಅಷ್ಟೇ.

ಹಾಕಬಹುದು, ಹಾಕಿದೀವಿ. ಪ್ರತಿವಾದಿಯ ಹೆಸರಿನ ಜಾಗದಲ್ಲಿ ವಕೀಲರು ‘ಹೆಸರು ತಿಳಿಯದ ವ್ಯಕ್ತಿ, ಈ ನಂಬರ್ ಬಳಸುತ್ತಿದ್ದವರು’ ಅಂತ ಬರೆದು, ಕೆಳಗೆ ರಸೀದಿಯ ಪ್ರತಿ ಲಗತ್ತಿಸಿದರು. ಅಮೆರಿಕದಲ್ಲಿ ಇಂಥವರಿಗೆ ‘ಜಾನ್ ಡೋ’ ಅಂತಾರೆ, ಭಾರತದ ಕೋರ್ಟುಗಳಲ್ಲಿ ‘ಅಶೋಕ್ ಕುಮಾರ್’ ಅನ್ನೋದೂ ಉಂಟು.

ಕಷ್ಟ ಇರೋದು ಆಮೇಲೆ. ನಾವು ಎಷ್ಟು ಕೇಳಿಕೊಂಡರೂ ಬ್ಯಾಂಕಿನವರು ಖಾತೆದಾರರ ಹೆಸರು ಹೇಳಲ್ಲ, ಕೋರ್ಟ್ ಆದೇಶವೇ ಬೇಕು. ತಾನು ತಪ್ಪು ಮಾಡದಿದ್ದರೂ, ತಪ್ಪಿನ ವ್ಯವಹಾರ ತನ್ನ ಮೂಲಕ ನಡೆದಿದ್ದರೆ ಮೂರನೆಯವರು ವಿವರ ಕೊಡಬೇಕು ಅಂತ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1973ರಲ್ಲೇ ತೀರ್ಪು ಕೊಟ್ಟಿದೆ. ಇದು ತಿಳಿದ ಮೇಲೆ ನನಗೆ ಧೈರ್ಯ ಬಂತು.

ಒಂದು ವಿಷಯ ದಯವಿಟ್ಟು ಗಮನಿಸಿ: ಹೆಸರು ಹುಡುಕ್ತಾ ಇದೀವಿ ಅಂತ ದಾವೆ ಹಾಕೋಕೆ ಕಾನೂನು ಕೊಟ್ಟಿರೋ ಕಾಲಮಿತಿ ತಾನಾಗಿ ನಿಲ್ಲಲ್ಲ. ನಿಜವಾದ ಹೆಸರು ಸೇರಿಸಿದ ದಿನದಿಂದಲೇ ಅವರ ಮೇಲೆ ದಾವೆ ಶುರು ಅಂತ ಲೆಕ್ಕ ಆಗಬಹುದು. ನಾನು ಸುಮ್ಮನೆ ಕಾದು ಕಳೆದ ತಿಂಗಳುಗಳ ಬಗ್ಗೆ ಈಗ್ಲೂ ಹೊಟ್ಟೆ ಉರಿಯುತ್ತೆ.

ಬ್ಯಾಂಕಿಗೆ ಆದೇಶ ಹೋಗಿದೆ. ತಿದ್ದುಪಡಿ ಅರ್ಜಿಯಲ್ಲಿ ಹೆಸರಿನ ಜಾಗ ಮಾತ್ರ ಖಾಲಿ ಬಿಟ್ಟು ಇಟ್ಕೊಂಡಿದೀವಿ.