ಅಪ್‌ಡೇಟ್: ಪಿಕಪ್‌ನ ಹಿಂಬದಿ ಡ್ರಮ್ ಬ್ರೇಕ್ ಸರಿಯಾಯಿತು

ಇಂಡಿಯಿಂದ ವಿಜಯಪುರಕ್ಕೆ ನಿಂಬೆಹಣ್ಣು ಸಾಗಿಸುವ ನಮ್ಮ ಪಿಕಪ್‌ನ ಬ್ರೇಕ್ ಪೆಡಲ್ ತೀರ ಕೆಳಗಿಳಿಯುತ್ತಿದೆ, ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿ ಮಾಡಿದರೂ ಪ್ರಯೋಜನವಾಗಿಲ್ಲ ಎಂದು ಕಳೆದ ವಾರ ಕೇಳಿದ್ದೆ. ಮೊದಲು ಕೇಬಲ್ ಪೂರ್ತಿ ಸಡಿಲಿಸಿ, ಬಳಿಕ ಡ್ರಮ್ ಬಿಚ್ಚಿ ನೋಡಿರಿ ಎಂದ ಹಿರಿಯರ ಮಾತೇ ನಿಜವಾಯಿತು. ಅವರಿಗೆ ಮನಃಪೂರ್ವಕ ವಂದನೆಗಳು.

ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಹಿಂಬದಿಯನ್ನು ಜಾಕಿನಿಂದ ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಡ್ರಮ್ ತೆಗೆದಾಗ, ಅದರ ಒಳಗೋಡೆಗೆ ಒತ್ತಿ ಗಾಲಿ ನಿಲ್ಲಿಸುವ ಶೂಗಳ ಮೇಲಿನ ಲೈನಿಂಗ್ (ಉಜ್ಜುವ ಪದರ) ಇನ್ನೂ ದಪ್ಪವಾಗಿಯೇ ಇತ್ತು. ದೋಷವಿದ್ದದ್ದು ಶೂ ಮತ್ತು ಡ್ರಮ್ ನಡುವಿನ ಅಂತರವನ್ನು ಹೊಂದಿಸುವ ತಿರುಪುಗಳಾದ ಅಡ್ಜಸ್ಟರ್‌ಗಳಲ್ಲಿ. ಈ ಗಾಡಿಯಲ್ಲಿ ಎಡ ಮತ್ತು ಬಲ ಅಡ್ಜಸ್ಟರ್‌ಗಳ ಥ್ರೆಡ್ ಒಂದಕ್ಕೊಂದು ವಿರುದ್ಧ ದಿಕ್ಕಿನದು. ಹಿಂದೆ ಶೂ ಬದಲಿಸಿದವರು ಅವುಗಳನ್ನು ಅದಲುಬದಲಾಗಿ ಕೂಡಿಸಿದ್ದರಿಂದ, ಅಡ್ಜಸ್ಟರ್ ತಿರುಗಿಸಿ ಶೂಗಳನ್ನು ಡ್ರಮ್ಮಿನ ಹತ್ತಿರ ತರಬೇಕಾದ ಲಿವರ್ ಪ್ರತಿ ಸಲವೂ ಅವುಗಳನ್ನು ದೂರವೇ ಸರಿಸುತ್ತಿತ್ತು. ಇದನ್ನು ಅರಿಯದೆ ಎರಡು ತಿಂಗಳು ಭಾರ ಹೇರಿಕೊಂಡು ಓಡಿಸಿದ್ದೇವೆ ಎಂಬುದು ನನ್ನನ್ನು ಈಗಲೂ ಕಾಡುತ್ತದೆ.

ಅವುಗಳನ್ನು ಸ್ವಸ್ಥಾನಕ್ಕೆ ಕೂಡಿಸಿ, ಥ್ರೆಡ್ಡಿಗೆ ತೆಳುವಾಗಿ ಬ್ರೇಕ್ ಗ್ರೀಸ್ ಸವರಿದೆ. ಡ್ರಮ್ ಹಾಕಿದ ಮೇಲೆ ಹಿಂದಿನ ತಗಡಿನ ಕಿಂಡಿಯಿಂದ ಸ್ಕ್ರೂಡ್ರೈವರ್ ತೂರಿಸಿ, ಗಾಲಿ ತಿರುಗುವಾಗ ಶೂ ಹಗುರವಾಗಿ ಉಜ್ಜುವ ಸದ್ದು ಕೇಳುವವರೆಗೆ ಅಡ್ಜಸ್ಟರ್‌ನ ಹಲ್ಲಿನ ಚಕ್ರವನ್ನು ತಿರುಗಿಸಿ, ಆಮೇಲೆ ಲಿವರ್ ಎತ್ತಿ ಹಿಡಿದು, ಗಾಲಿ ಸಲೀಸಾಗಿ ತಿರುಗುವಷ್ಟು ಹಿಂದಕ್ಕೆ ಬಿಟ್ಟೆ. ಎರಡೂ ಬದಿಗೆ ಹಾಗೆಯೇ ಮಾಡಿದೆ. ಕೇಬಲ್ ಬಿಗಿ ಮಾಡಿದ್ದು ಕಟ್ಟಕಡೆಗೆ.

ಈಗ ಪೆಡಲ್ ಮೇಲೆಯೇ ಹಿಡಿಯುತ್ತಿದೆ. ನಿನ್ನೆ ಲೋಡಿನೊಡನೆ ಹೋಗಿ ಬಂದ ಬಳಿಕ ಕೈಯನ್ನು ತುಸು ದೂರದಲ್ಲಿ ಹಿಡಿದು ನೋಡಿದಾಗ ಎರಡೂ ಡ್ರಮ್ಮುಗಳ ಬಿಸಿ ಸಮನಾಗಿತ್ತು.