ಅಪ್‌ಡೇಟ್: ಎರಡೂ ತೋಳು ಸಮ ಬಂದವು, ಸ್ವೆಟರ್ ಮುಗೀತು!

2026ರ ಚಳಿಗಾಲದ ಒಲಿಂಪಿಕ್ಸ್ ಶುರುವಾದಾಗ ಕಡ್ಡಿ ಹಿಡಿದು, ಫೆಬ್ರವರಿ 22ರ ಸಮಾರೋಪದೊಳಗೆ ಸ್ವೆಟರ್ ಮುಗಿಸುವ ಪಂಥ ಕಟ್ಟಿದ್ದೆವಲ್ಲ, ಬೀದರಿನ ನಾವು ಗೆಳತಿಯರು? ಒಂದು ತೋಳು ಉದ್ದ, ಒಂದು ಗಿಡ್ಡ ಆಗ್ತಿದೆ, ಏನು ಮಾಡಲಿ ಅಂತ ಆಗ ನಿಮ್ಮನ್ನು ಕೇಳಿದ್ದೆ.

ಎರಡೂ ತೋಳುಗಳನ್ನು ಒಂದೇ ಉದ್ದನೆಯ ಸರ್ಕ್ಯುಲರ್ ಕಡ್ಡಿಯ (ಬಳುಕುವ ವೈರಿನಿಂದ ಜೋಡಿಸಿದ ಎರಡು ಕಡ್ಡಿ) ಮೇಲೆ, ಬೇರೆ ಬೇರೆ ಉಂಡೆಯಿಂದ, ಜೊತೆಜೊತೆಗೇ ಹೆಣೆಯಿರಿ ಅಂದವರ ಸಲಹೆಯೇ ಫಲಿಸಿತು. ಸಾಲು ಎಣಿಸುವ ತಲೆನೋವೇ ಇಲ್ಲ! ದಾರ ಮಾತ್ರ ಸಿಕ್ಕಾಗುತ್ತೆ. ಒಂದು ಉಂಡೆ ಎಡಕ್ಕೆ, ಇನ್ನೊಂದು ಬಲಕ್ಕೆ, ಸ್ಟೀಲ್ ಡಬ್ಬಿಯಲ್ಲಿಟ್ಟೆ.

ಇಸ್ತ್ರಿ ಹಾಕಿ ಸರಿಮಾಡಿ ಅನ್ನೋ ಸಲಹೆಯೂ ಬಂದಿತ್ತು, ಅದು ಬೇಡವೇ ಬೇಡ. ಅಕ್ರಿಲಿಕ್ ದಾರದ ಸ್ಯಾಂಪಲ್ ತುಂಡು ಬಿಸಿಗೆ ಜೋತುಬಿತ್ತು, ಮತ್ತೆ ಬಿಗಿಯಾಗಲೇ ಇಲ್ಲ.

ಇನ್ನೊಂದು ವಿಷಯ, ಜಡೆ ಡಿಸೈನ್ ಹೆಣಿಗೆಯನ್ನು ಒಳಕ್ಕೆ ಎಳೆಯುತ್ತೆ. ಅದಕ್ಕೇ ಕುಣಿಕೆ ಜಾಸ್ತಿ ಹಾಕಬೇಕು. ಒಲಿಂಪಿಕ್ಸ್ ಮುಗಿಯುವುದರೊಳಗೆ ಹೆಣೆದು ಮುಗಿಸುವ ಇಂಥ ಪಂಥ 2006ರ ಟುರಿನ್ ಒಲಿಂಪಿಕ್ಸ್ ಕಾಲದಿಂದಲೂ ಇದೆಯಂತೆ! ಗೆಳತಿಯೊಬ್ಬಳದ್ದು ಇನ್ನೂ ಕುತ್ತಿಗೆ ಬಾಕಿ. ಬೀದರಿನ ಚಳಿಯಂತೂ ಹೋಯ್ತು, ಅವಳಿಗೆ ಡಿಸೆಂಬರ್‌ವರೆಗೆ ಟೈಮಿದೆ ಬಿಡಿ.